ಕೆಂಚನಿಗೆ ಒಂದೂಕಾಲು ಚಮಚ

ನಮ್ಮ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಹಿಂದೆ ಹುಲ್ಲು ಒಟ್ಟುತ್ತಿದ್ದ ಮೂಲೆಯಲ್ಲಿ ಒಂದು ಗ್ಯಾಸ್ ಒಲೆ, ಐದು ಲೀಟರಿನ ಕುಕ್ಕರ್, ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಮಿಕ್ಸಿಯ ಹಳೆಯ ಜಾರ್ ಇವೆ. ಬೆಳಿಗ್ಗೆ ಐದೂವರೆಗೆ ಅಲ್ಲಿ ಕೋಳಿ ಬೇಯುತ್ತದೆ. ಸಾಗರದ ಸಮೀಪದ ಹವ್ಯಕರ ಮನೆ ನಮ್ಮದು. ಮೊಟ್ಟೆ ಕೂಡ ಎಂದೂ ಹೊಸ್ತಿಲು ದಾಟಿದ್ದಿಲ್ಲ. ಈ ಒಲೆ ಇಲ್ಲಿಗೆ ಬಂದದ್ದು ಕೆಂಚನಿಗಾಗಿ.

ಕೆಂಚ ಗ್ರೇಟ್ ಡೇನ್. ನಾಲ್ಕು ವರ್ಷ, ಐವತ್ತೆಂಟು ಕಿಲೋ. ಎರಡು ತಿಂಗಳ ಮರಿಯಾಗಿ ಬಂದಾಗ ಅವನನ್ನು ಮಾರಿದವರು ಹೇಳಿದ್ದು ಒಂದೇ ಮಾತು: ದೊಡ್ಡ ಜಾತಿ, ಕ್ಯಾಲ್ಸಿಯಂ ಚೆನ್ನಾಗಿ ಕೊಡಿ. ನಾನು ಕೊಟ್ಟೆ. ಅಂಗಡಿಯಿಂದ ತಂದ ಮರಿಗಳ ಆಹಾರ ಬೆಳಿಗ್ಗೆ, ಹಾಲು ಬೆರೆಸಿದ ರಾಗಿ ಗಂಜಿ ಮಧ್ಯಾಹ್ನ, ಇವೆರಡರ ಮೇಲೆ ದಿನಕ್ಕೆ ಎರಡು ಬಾರಿ ಕ್ಯಾಲ್ಸಿಯಂ ಸಿರಪ್. ವಾರ ವಾರಕ್ಕೂ ಬೆಳೆಯುತ್ತಿದ್ದ. ನೋಡಿದವರೆಲ್ಲ ಹೊಗಳುತ್ತಿದ್ದರು, ನನಗೂ ಹೆಮ್ಮೆಯಾಗುತ್ತಿತ್ತು.

ಐದನೆಯ ತಿಂಗಳಲ್ಲಿ ಅವನ ಮುಂಗಾಲುಗಳು ಹೊರಕ್ಕೆ ಬಾಗತೊಡಗಿದವು. ಅಂಗಳದ ಎರಡು ಮೆಟ್ಟಿಲು ಇಳಿಯುವಾಗ ನಿಂತು ಯೋಚಿಸುತ್ತಿದ್ದ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಅಲ್ಲಿನ ವೈದ್ಯರು ಮೊದಲು ಕೇಳಿದ್ದು ಏನೇನು ತಿನ್ನಿಸುತ್ತೀರಿ ಎಂದು. ನಾನು ಹೇಳಿ ಮುಗಿಸುವವರೆಗೂ ಸುಮ್ಮನಿದ್ದು, "ಸಿರಪ್ ಇವತ್ತೇ ನಿಲ್ಲಿಸಿ ಮೇಡಂ" ಎಂದರು.

ಅವರು ವಿವರಿಸಿದ್ದು ನನಗೆ ಇಂದಿಗೂ ಮರೆತಿಲ್ಲ. ಆ ವಯಸ್ಸಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆಂದು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತದೆ, ಎಲುಬು ಬೆಳೆಯುವ ಕ್ರಮವೇ ಕೆಡುತ್ತದೆ. 1980ರ ದಶಕದಲ್ಲಿ ನೆದರ್ಲೆಂಡ್ಸಿನ ಊಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಿ ನೋಡಿದ್ದಾರಂತೆ. ನಮ್ಮ ಜನ ಇನ್ನೂ ಮರಿ ತಂದ ದಿನವೇ ಸಿರಪ್ ಬಾಟಲಿ ತರುತ್ತಾರೆ. ದಯವಿಟ್ಟು ತರಬೇಡಿ. ದೊಡ್ಡ ಜಾತಿಯ ಮರಿ ನಿಧಾನವಾಗಿ, ತೆಳ್ಳಗೆ ಬೆಳೆಯಬೇಕು. ಮನೆಯ ಅಡುಗೆ ಹಾಕುವ ಆಸೆಯನ್ನೂ ಬೆಳವಣಿಗೆ ಮುಗಿಯುವವರೆಗೆ ತಡೆದುಕೊಳ್ಳಬೇಕು. ದೊಡ್ಡ ಜಾತಿಯ ಮರಿಗಳಿಗೆಂದೇ ತಯಾರಾಗುವ ಆಹಾರವನ್ನು ಅಳೆದು ಹಾಕುತ್ತ ಇಪ್ಪತ್ತು ತಿಂಗಳು ಕಳೆದೆವು. ಕಾಲುಗಳು ಬಹುಮಟ್ಟಿಗೆ ನೇರವಾದವು. ಬಲಗಾಲು ಇಂದಿಗೂ ತುಸು ಹೊರಗಿದೆ. ಅದನ್ನು ಕಂಡಾಗಲೆಲ್ಲ ನನ್ನ ಕೈಯಲ್ಲಿದ್ದ ಆ ಬಾಟಲಿ ನೆನಪಾಗುತ್ತದೆ.

ಆಮೇಲೆ ಅಡುಗೆ ಶುರುವಾಯಿತು. ಅತ್ತೆಗೆ ಎಪ್ಪತ್ತೆಂಟು ವರ್ಷ. ಮಜ್ಜಿಗೆ ಅನ್ನ ತಿಂದೇ ನಮ್ಮ ಹಳೆಯ ನಾಯಿಗಳೆಲ್ಲ ಬದುಕಲಿಲ್ಲವೇ ಎಂದು ಕೇಳಿದರು. ಬದುಕಿದ್ದವು ನಿಜ. ಆದರೆ ಅವು ಹದಿನೈದು ಕಿಲೋದ ನಾಯಿಗಳು, ತೋಟವೆಲ್ಲ ಸುತ್ತಿ ಇಲಿ, ಏಡಿ ಹಿಡಿದು ತಿನ್ನುತ್ತಿದ್ದವು. ಇವನ ಮೈಯನ್ನು ಅನ್ನ ಮಜ್ಜಿಗೆ ಹಿಡಿದು ನಿಲ್ಲಿಸಲಾರವು. ಎರಡು ದಿನ ಅತ್ತೆ ಮಾತನಾಡಲಿಲ್ಲ. ಮೂರನೆಯ ದಿನ, "ಕೊಟ್ಟಿಗೆಯಲ್ಲಿ ಬೇಯಿಸು, ಪಾತ್ರೆ ಒಳಗೆ ತರಬೇಡ" ಎಂದರು.

ಈಗ ದಿನಕ್ಕೆ ಹೀಗೆ: ಚರ್ಮ, ಮೂಳೆ ತೆಗೆದ ಕೋಳಿಮಾಂಸ ಎಂಟುನೂರು ಗ್ರಾಂ, ಅಕ್ಕಿ ಇನ್ನೂರು, ರಾಗಿ ಹಿಟ್ಟು ಅರವತ್ತು, ಸಿಹಿಗುಂಬಳ ಮತ್ತು ಬೀನ್ಸ್ ಸೇರಿ ಇನ್ನೂರೈವತ್ತು, ಎರಡು ಮೊಟ್ಟೆ, ಐವತ್ತು ಗ್ರಾಂ ಕೋಳಿಯ ಲಿವರ್, ಒಂದು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಬಟ್ಟಲು ಮೊಸರು. ಎಲ್ಲವೂ ಬೇಯುವ ಮೊದಲಿನ ತೂಕ. ಲಿವರ್ ಹೆಚ್ಚಿಸುವಂತಿಲ್ಲ, ಎ ವಿಟಮಿನ್ ಮೈಯಲ್ಲಿ ಸೇರಿಕೊಳ್ಳುತ್ತದೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತವೆ. ಹಬ್ಬದ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೆಂದ ಮೂಳೆಯನ್ನು ಹತ್ತಿರ ತರುವುದಿಲ್ಲ, ಸೀಳಿ ಕರುಳಿಗೆ ಚುಚ್ಚುತ್ತದೆ.

ಮಾಂಸದಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮರಿಗೆ ಅತಿಯಾಗಿ ಕೊಟ್ಟು ಕೆಡಿಸಿದ ಅದೇ ವಸ್ತುವನ್ನು ಈಗ ತಪ್ಪದೆ ಸೇರಿಸಬೇಕು. ಮೊಟ್ಟೆಯ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡುತ್ತೇನೆ. ದಿನಕ್ಕೆ ಒಂದೂಕಾಲು ಟೀ ಚಮಚ, ತಲೆ ತಟ್ಟಿ ಅಳೆದದ್ದು. ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ವಿಟಮಿನ್ನುಗಳು ಈ ಅಡುಗೆಯಲ್ಲಿ ಸಾಲುವುದಿಲ್ಲ, ಅದಕ್ಕೆ ವೈದ್ಯರು ಬರೆದುಕೊಟ್ಟ ಪುಡಿ ಬೇರೆ ಇದೆ. ಈ ಲೆಕ್ಕವೆಲ್ಲ ಕೆಂಚನ ತೂಕ, ಓಡಾಟ, ರಕ್ತಪರೀಕ್ಷೆ ನೋಡಿ ಮಾಡಿದ್ದು. ನಿಮ್ಮ ನಾಯಿಯದನ್ನು ನಿಮ್ಮ ವೈದ್ಯರೊಡನೆ ಕುಳಿತು ಮಾಡಿಕೊಳ್ಳಿ.

ಕರಾವಳಿಯಿಂದ ಬೂತಾಯಿ ಮೀನು ಬಂದ ದಿನ ಕೋಳಿಯನ್ನು ಕಡಿಮೆ ಮಾಡಿ ಅದನ್ನು ಬೇಯಿಸುತ್ತೇನೆ. ಅದರ ಕೊಬ್ಬು ಕೀಲುಗಳಿಗೆ ಒಳ್ಳೆಯದು. ಆ ವಾಸನೆಗೆ ನಾನಿನ್ನೂ ಹೊಂದಿಕೊಂಡಿಲ್ಲ, ಮೂಗಿಗೆ ಸೆರಗು ಕಟ್ಟಿಕೊಂಡೇ ನಿಲ್ಲುತ್ತೇನೆ.

ನನ್ನ ದೊಡ್ಡ ಭಯ ಹೊಟ್ಟೆ ಉಬ್ಬರದ್ದು. ಎದೆ ಆಳವಾಗಿರುವ ಈ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಂಡುಬಿಡುತ್ತದೆ. ವಾಂತಿಗೆ ಒತ್ತಿಯೂ ಏನೂ ಬರದಿರುವುದು, ಬಿಗಿದ ಹೊಟ್ಟೆ, ನಿಂತಲ್ಲಿ ನಿಲ್ಲದ ಚಡಪಡಿಕೆ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಊಟ ದಿನಕ್ಕೆ ಮೂರು ಪಾಲು. ಉಂಡ ಮೇಲೆ ಒಂದೂವರೆ ಗಂಟೆ ಕಟ್ಟುವುದು, ಓಟವಿಲ್ಲ. ಗಬಗಬನೆ ನುಂಗುವ ಅಭ್ಯಾಸವನ್ನು ಬಿಡಿಸಿದ್ದು ಮಾತ್ರ ಅತ್ತೆ. ಅಟ್ಟದಲ್ಲಿದ್ದ ಹಳೆಯ ಪಡ್ಡಿನ ಹಂಚನ್ನು ಇಳಿಸಿಕೊಟ್ಟು, "ಇದರ ಗುಳಿಗಳಲ್ಲಿ ಒತ್ತಿಡು, ಮಾಣಿ ನೆಕ್ಕಿ ನೆಕ್ಕಿ ತಿನ್ನಲಿ" ಎಂದರು. ಎರಡು ನಿಮಿಷದ ಊಟ ಹತ್ತು ನಿಮಿಷಕ್ಕೆ ಬಂತು.

ತಿಂಗಳಿಗೊಮ್ಮೆ ಪರಿಚಯದವರ ಅಡಿಕೆ ಮಂಡಿಗೆ ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ಅವನನ್ನು ನಿಲ್ಲಿಸುತ್ತೇನೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಹೋದ ಭಾನುವಾರ ಐವತ್ತೆಂಟು ಕಿಲೋ ನಾಲ್ಕುನೂರು ಗ್ರಾಂ ಇದ್ದ. ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಮೊರ ಹಿಡಿದು ಕುಳಿತಿದ್ದರು. ಹಪ್ಪಳವೇನೋ ಎಂದುಕೊಂಡೆ. ಹತ್ತಿರ ಹೋದರೆ, ನಾನು ಬೆಳಿಗ್ಗೆ ಕುದಿಸಿ ಇಟ್ಟು ಹೋಗಿದ್ದ ಮೊಟ್ಟೆ ಚಿಪ್ಪುಗಳನ್ನು ಕಡ್ಡಿಯಿಂದ ಒಂದೊಂದಾಗಿ ಬಿಸಿಲಿಗೆ ತಿರುಗಿಸುತ್ತಿದ್ದರು. "ಎಷ್ಟು ಬಂತು ಮಾಣಿಯ ತೂಕ?" ಎಂದು ಕೇಳಿದರು.