ಲಿಮಿಟ್ ಕೈಪಿಡಿಯ ಪ್ರಗತಿ: 0/0 ಬರುವ ಲೆಕ್ಕಗಳು

ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗಾಗಿ ಬಿಡುವಿನ ವೇಳೆಯಲ್ಲಿ ಬರೆಯುತ್ತಿರುವ ಕಲನಶಾಸ್ತ್ರದ ಕೈಪಿಡಿಯಲ್ಲಿ, ಭಾಗಲಬ್ಧ ಫಲನಗಳ (ಒಂದು ಬಹುಪದೋಕ್ತಿಯನ್ನು ಇನ್ನೊಂದರಿಂದ ಭಾಗಿಸಿದ ರೂಪದವು) ಲಿಮಿಟ್, ಅಂದರೆ ಎಕ್ಸ್ ಒಂದು ಸಂಖ್ಯೆಗೆ ಹತ್ತಿರವಾದಂತೆ ಫಲನ ಸಮೀಪಿಸುವ ಬೆಲೆ, ಕುರಿತ ಅಧ್ಯಾಯ ಈ ವಾರ ಒಂದು ಹದಕ್ಕೆ ಬಂದಿದೆ. ಛೇದವು ಸೊನ್ನೆಯಾಗದಿದ್ದರೆ ಬೆಲೆಯನ್ನು ಆದೇಶಿಸಿದರೆ ಸಾಕು. ಅದಕ್ಕೆ ಅರ್ಧ ಪುಟ ಕೊಟ್ಟು, ಉಳಿದ ಜಾಗವನ್ನೆಲ್ಲ 0/0 ಬರುವ ಲೆಕ್ಕಗಳಿಗೆ ಮೀಸಲಿಟ್ಟಿದ್ದೇನೆ.

ಮಕ್ಕಳು ಒಂಬತ್ತನೆಯ ತರಗತಿಯಲ್ಲೇ ಕಲಿತಿರುವ ಅಪವರ್ತನ ಪ್ರಮೇಯದಿಂದ ಅಧ್ಯಾಯವನ್ನು ಆರಂಭಿಸಿದ್ದೇನೆ. (ಎಕ್ಸ್³ − 8)/(ಎಕ್ಸ್² − 4) ಎಂಬುದರಲ್ಲಿ ಎಕ್ಸ್‌ಗೆ 2 ಆದೇಶಿಸಿದಾಗ ಅಂಶವೂ ಛೇದವೂ ಸೊನ್ನೆಯಾದರೆ, (ಎಕ್ಸ್ − 2) ಎರಡಕ್ಕೂ ಅಪವರ್ತನ ಎಂಬುದು ಆ ಪ್ರಮೇಯದಿಂದಲೇ ಖಚಿತವಾಗುತ್ತದೆ. ಅದನ್ನು ಹೊಡೆದುಹಾಕಿದರೆ (ಎಕ್ಸ್² + 2ಎಕ್ಸ್ + 4)/(ಎಕ್ಸ್ + 2) ಉಳಿಯುತ್ತದೆ, ಲಿಮಿಟ್ 12/4, ಅಂದರೆ 3. ಹೊಡೆದುಹಾಕಲು ಅನುಮತಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ನಿಧಾನವಾಗಿ ಬರೆದಿದ್ದೇನೆ, ಏಕೆಂದರೆ ಇಡೀ ಅಧ್ಯಾಯದ ಜೀವ ಅಲ್ಲಿದೆ: ಲಿಮಿಟ್ ನೋಡುವಾಗ ಎಕ್ಸ್ ಎಂಬುದು 2ಕ್ಕೆ ಎಷ್ಟು ಬೇಕಾದರೂ ಹತ್ತಿರ ಬರುತ್ತದೆ, ಆದರೆ 2 ಆಗುವುದಿಲ್ಲ, ಆದ್ದರಿಂದ (ಎಕ್ಸ್ − 2) ಸೊನ್ನೆಯಲ್ಲ, ಅದರಿಂದ ಭಾಗಿಸಬಹುದು. ಪಕ್ಕದಲ್ಲೇ ಕೋಷ್ಟಕವಿದೆ: 1.9ರಲ್ಲಿ ಬೆಲೆ ಸುಮಾರು 2.926, 2.1ರಲ್ಲಿ 3.076, 2.01ರಲ್ಲಿ 3.008.

ಒಮ್ಮೆ ಹೊಡೆದುಹಾಕಿದ ಮೇಲೂ 0/0 ಉಳಿಯುವ ಲೆಕ್ಕವೊಂದು ಬೇಕೆನಿಸಿ, ಎಕ್ಸ್ 1ನ್ನು ಸಮೀಪಿಸುವಾಗಿನ (ಎಕ್ಸ್³ − 3ಎಕ್ಸ್ + 2)/(ಎಕ್ಸ್³ − ಎಕ್ಸ್² − ಎಕ್ಸ್ + 1) ಎಂಬುದನ್ನು ಸೇರಿಸಿದೆ. ಸಹಗುಣಕಗಳನ್ನಷ್ಟೇ ಬರೆದು ಭಾಗಿಸುವ ಸಂಶ್ಲೇಷಿತ ಭಾಗಾಕಾರದಲ್ಲಿ ಅಂಶದ ಸಹಗುಣಕಗಳು 1, 0, −3, 2. ಇಲ್ಲದಿರುವ ಎಕ್ಸ್² ಪದದ ಜಾಗದಲ್ಲಿ 0 ಬರೆಯಲೇಬೇಕು. ಎರಡನೆಯ ಸಲ ಭಾಗಿಸಿದ ಮೇಲೆ (ಎಕ್ಸ್ + 2)/(ಎಕ್ಸ್ + 1) ಸಿಕ್ಕಿ, ಲಿಮಿಟ್ 3/2 ಎಂದು ತಿಳಿಯುತ್ತದೆ. ಛೇದದಲ್ಲಿ ಒಂದು ಅಪವರ್ತನ ಹೆಚ್ಚು ಉಳಿದರೆ ಲಿಮಿಟ್ ಇರುವುದಿಲ್ಲ ಎಂಬುದಕ್ಕೆ (ಎಕ್ಸ್² − 3ಎಕ್ಸ್ + 2)/(ಎಕ್ಸ್ − 1)² ಒಳ್ಳೆಯ ಉದಾಹರಣೆ: 0.99ರಲ್ಲಿ 101, 1.01ರಲ್ಲಿ −99.

ಅಂಶ ಮತ್ತು ಛೇದಗಳ ಅವಕಲನವನ್ನು (ಬದಲಾವಣೆಯ ದರವನ್ನು) ಬೇರೆಬೇರೆಯಾಗಿ ತೆಗೆದು 0/0 ಲೆಕ್ಕ ಬಿಡಿಸುವ ಲೋಪಿತಾಲ್ ನಿಯಮವನ್ನು ಇಲ್ಲಿ ಸೇರಿಸಿಲ್ಲ. 1696ರಲ್ಲಿ ಮುದ್ರಣ ಕಂಡ ಆ ನಿಯಮ ಉತ್ತರವನ್ನು ಬೇಗ ಕೊಡುತ್ತದೆ, ನಿಜ. ಆದರೆ ಅದಕ್ಕೆ ಅವಕಲನ ಬೇಕು, ಅವಕಲನದ ವ್ಯಾಖ್ಯೆಯೇ 0/0 ರೂಪದ ಲಿಮಿಟ್ ಆಗಿರುವುದರಿಂದ ಮಕ್ಕಳು ಮೊದಲು ಅಪವರ್ತನದ ದಾರಿಯಲ್ಲಿ ನಡೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮುಂದಿನ ಭಾಗ ಎಕ್ಸ್ ಅನಂತಕ್ಕೆ ಹೋಗುವ ಲೆಕ್ಕಗಳದ್ದು. ಅದರಲ್ಲಿ ಛೇದದ ಅತಿ ಹೆಚ್ಚಿನ ಘಾತದಿಂದ ಎರಡನ್ನೂ ಭಾಗಿಸುವ ಕ್ರಮವನ್ನು ಬರೆಯಲು ತೊಡಗಿದ್ದೇನೆ.