ಕಲ್ಲಿನ ಹಲಗೆ, ಹೃದಯದ ಹಲಗೆ

‘ಹಳೆಯ ಒಡಂಬಡಿಕೆ’ ಅಂದರೆ ಏನು ಎಂದು ಕೇಳಿದರೆ ಹೆಚ್ಚಿನವರು ಬೈಬಲಿನ ಮೊದಲ ಭಾಗವನ್ನು ತೋರಿಸುತ್ತಾರೆ. ಪ್ರೊಟೆಸ್ಟೆಂಟರ ಎಣಿಕೆಯಲ್ಲಿ 39 ಪುಸ್ತಕ, ಕಥೋಲಿಕರ ಎಣಿಕೆಯಲ್ಲಿ 46. ಗೊಂದಲ ಶುರುವಾಗುವುದೇ ಇಲ್ಲಿ. ಪುಸ್ತಕಗಳ ಒಂದು ಕಟ್ಟಿಗೂ, ದೇವರು ಒಂದು ಜನಾಂಗದೊಂದಿಗೆ ಮಾಡಿಕೊಂಡ ಒಂದು ಒಪ್ಪಂದಕ್ಕೂ ಒಂದೇ ಹೆಸರು ಬಿದ್ದುಬಿಟ್ಟಿದೆ. ಆ ಕಟ್ಟಿನೊಳಗೆ ಇರುವ ಒಡಂಬಡಿಕೆಗಳು ಹಲವು: ನೋಹನೊಂದಿಗೆ ಒಂದು, ಅಬ್ರಹಾಮನೊಂದಿಗೆ ಒಂದು, ಸೀನಾಯಿ ಬೆಟ್ಟದಲ್ಲಿ ಒಂದು, ದಾವೀದನೊಂದಿಗೆ ಒಂದು. ಅಪೊಸ್ತಲರ ಪತ್ರಿಕೆಗಳು ‘ಹಳೆಯದು’ ಅನ್ನುವಾಗ ಬೆರಳು ಮಾಡುವುದು ಸೀನಾಯಿಯ ಕಡೆಗೆ ಮಾತ್ರ. ಅಬ್ರಹಾಮನಿಗೆ ಕೊಟ್ಟ ವಾಗ್ದಾನವನ್ನು ಅಪೊಸ್ತಲ ಪೌಲ ಎಲ್ಲಿಯೂ ಹಳತಾಯಿತು ಅನ್ನುವುದಿಲ್ಲ. ಸೀನಾಯಿಯ ಧರ್ಮಶಾಸ್ತ್ರ ಬಂದದ್ದು ವಾಗ್ದಾನವಾಗಿ 430 ವರ್ಷಗಳಾದ ಮೇಲೆ, ಹಿಂದಿನಿಂದ ಬಂದದ್ದು ಮುಂಚೆ ಸ್ಥಿರವಾದದ್ದನ್ನು ರದ್ದು ಮಾಡಲಾರದು ಎಂದು ಗಲಾತ್ಯದವರಿಗೆ ಖಡಾಖಂಡಿತವಾಗಿ ಬರೆಯುತ್ತಾನೆ.

‘ಹೊಸ ಒಡಂಬಡಿಕೆ’ ಎಂಬ ಮಾತು ಮೊದಲು ಬರುವುದು ಕೂಡ ಮತ್ತಾಯನಲ್ಲಲ್ಲ, ಪ್ರವಾದಿ ಯೆರೆಮೀಯನ ಗ್ರಂಥದ 31:31ರಲ್ಲಿ. ಇಬ್ರಿಯರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ ಅಲ್ಲಿಯ ನಾಲ್ಕು ವಚನಗಳನ್ನು ಇಡಿಯಾಗಿ ಎತ್ತಿಕೊಳ್ಳುತ್ತದೆ. ಹಿಂದಿನ ಗ್ರಂಥದಿಂದ ಇಷ್ಟು ಉದ್ದದ ಉಲ್ಲೇಖ ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಬೇರೊಂದಿಲ್ಲ. ಎರಡರ ವ್ಯತ್ಯಾಸ ತಿಳಿಯಬೇಕೆನ್ನುವವರು ವಿಮೋಚನಕಾಂಡ 24, ಯೆರೆಮೀಯ 31, ಇಬ್ರಿಯರಿಗೆ 8ರಿಂದ 10, ಇಷ್ಟನ್ನು ಇದೇ ಕ್ರಮದಲ್ಲಿ ಓದಬೇಕು. ಕೂತಲ್ಲೇ ಓದಿ ಮುಗಿಸಬಹುದು.

ಸೀನಾಯಿಯಲ್ಲಿ ನಡೆದದ್ದು ಇದು. ಇಸ್ರಾಯೇಲರ ನಾಯಕ ಮೋಶೆ ಬೆಟ್ಟದ ಬುಡದಲ್ಲಿ ಯಜ್ಞವೇದಿ ಕಟ್ಟಿದ. 12 ಕುಲಗಳಿಗೆ 12 ಕಂಬ ನಿಲ್ಲಿಸಿದ. ಹೋರಿಗಳನ್ನು ಬಲಿ ಕೊಡಿಸಿ ರಕ್ತವನ್ನು ಎರಡು ಪಾಲು ಮಾಡಿದ. ಒಂದು ಪಾಲನ್ನು ವೇದಿಗೆ ಎರಚಿ, ಇನ್ನೊಂದನ್ನು ಬಟ್ಟಲುಗಳಲ್ಲಿ ಇಟ್ಟುಕೊಂಡ. ಆಮೇಲೆ ಒಡಂಬಡಿಕೆಯ ಗ್ರಂಥವನ್ನು ಜನ ಕೇಳುವಂತೆ ಓದಿದ. ಯೆಹೋವನು ಹೇಳಿದ್ದನ್ನೆಲ್ಲ ಮಾಡುತ್ತೇವೆ ಎಂದು ಜನ ಒಪ್ಪಿಕೊಂಡ ಮೇಲಷ್ಟೇ ಉಳಿದ ರಕ್ತವನ್ನು ಅವರ ಮೇಲೆ ಚಿಮುಕಿಸಿ “ಇದೇ ಒಡಂಬಡಿಕೆಯ ರಕ್ತ” ಎಂದ. ವೇದಿಯ ಮೇಲೆ ಅರ್ಧ, ಜನರ ಮೇಲೆ ಅರ್ಧ, ನಡುವೆ ಜನರ ಮಾತು. ಈ ಒಪ್ಪಂದದ ಒಂದು ಕಾಲು ನಿಂತಿರುವುದು ಆ ಮಾತಿನ ಮೇಲೆ.

ಹಾಗೆಂದು ಸೀನಾಯಿಯಲ್ಲಿ ಕೃಪೆಯೇ ಇರಲಿಲ್ಲ ಅನ್ನುವುದು ತಪ್ಪು. ಹತ್ತು ಆಜ್ಞೆಗಳಿಗೆ ಮುಂಚೆ ಒಂದು ಸಾಲಿದೆ: ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತದಿಂದ ಬಿಡಿಸಿದ ಯೆಹೋವನು ನಾನೇ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ‘ಹಳೆಯದರಲ್ಲಿ ಒಳ್ಳೆಯ ಕೆಲಸ ಮಾಡಿ ರಕ್ಷಣೆ ಗಳಿಸುತ್ತಿದ್ದರು, ಹೊಸದರಲ್ಲಿ ಪುಕ್ಕಟೆ’ ಎಂದು ಬೋಧಿಸುವವರು ಈ ಸಾಲನ್ನು ದಾಟಿಕೊಂಡು ಹೋಗಿರುತ್ತಾರೆ.

ಜನರ ಮಾತು 40 ದಿನವೂ ಉಳಿಯಲಿಲ್ಲ. ಮೋಶೆ ಬೆಟ್ಟ ಇಳಿಯುವ ಹೊತ್ತಿಗೆ ಚಿನ್ನದ ಬಸವ ಎದ್ದು ನಿಂತಿತ್ತು, ಅವನ ಕೈಯಲ್ಲಿದ್ದ ಕಲ್ಲಿನ ಹಲಗೆಗಳು ಅಲ್ಲೇ ಒಡೆದುಹೋದವು. ಬರಹದಲ್ಲಿ ದೋಷವಿರಲಿಲ್ಲ, ಧರ್ಮಶಾಸ್ತ್ರ ಪರಿಶುದ್ಧವಾದದ್ದು ಎಂದು ಪೌಲನೇ ರೋಮಾಪುರದವರಿಗೆ ಬರೆಯುತ್ತಾನೆ. ಇಬ್ರಿಯರಿಗೆ 8:8 ಹೇಳುವುದೂ ದೇವರು ‘ಅವರಲ್ಲಿ’ ತಪ್ಪು ಕಂಡ ಎಂದೇ.

ಇದನ್ನು ಯೆರೆಮೀಯನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಕ್ರಿ.ಪೂ. 622ರ ಸುಮಾರಿಗೆ ದೇವಾಲಯದ ದುರಸ್ತಿ ಮಾಡಿಸುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಯೆಹೂದದ ಅರಸ ಯೋಷೀಯ ಅದನ್ನು ಓದಿಸಿ ಕೇಳಿ ಬಟ್ಟೆ ಹರಿದುಕೊಂಡ, ಜನರನ್ನೆಲ್ಲ ಸೇರಿಸಿ ಒಡಂಬಡಿಕೆಯನ್ನು ಮತ್ತೆ ಸ್ಥಿರಪಡಿಸಿದ, ವಿಗ್ರಹಗಳನ್ನು ಸುಡಿಸಿದ. ಇದಕ್ಕಿಂತ ಒಳ್ಳೆಯ ಸುಧಾರಣೆ ಯೆಹೂದದಲ್ಲಿ ಆಗಿರಲಿಲ್ಲ. ಯೆರೆಮೀಯ ಆಗ ಪ್ರವಾದಿಯಾಗಿದ್ದ. ಅರಸ ಸತ್ತ ಮೇಲೆ ಜನ ತಿರುಗಿ ಮೊದಲಿನಂತೆಯೇ ಆದರು. ಕ್ರಿ.ಪೂ. 587ರ ಸುಮಾರಿಗೆ ಯೆರೂಸಲೇಮ್ ಬಾಬಿಲೋನಿನವರ ಕೈಗೆ ಬಿತ್ತು. ಗ್ರಂಥ ಸಿಕ್ಕಿದರೂ, ಅರಸ ಒಳ್ಳೆಯವನಾದರೂ, ಪ್ರಮಾಣ ಹೊಸದಾದರೂ ಜನ ಬದಲಾಗಲಿಲ್ಲ ಯಾಕೆ? ಯೆರೆಮೀಯನ ಉತ್ತರ ಅವನ ಗ್ರಂಥದ 17ನೆಯ ಅಧ್ಯಾಯದ ಮೊದಲ ವಚನದಲ್ಲಿದೆ. ಯೆಹೂದದ ಪಾಪವನ್ನು ಕಬ್ಬಿಣದ ಲೇಖನಿಯಿಂದ, ವಜ್ರದ ಮೊನೆಯಿಂದ ಬರೆದಿದೆ. ಅದು ಅವರ ಹೃದಯದ ಹಲಗೆಯಲ್ಲಿ ಕೆತ್ತಿದೆ.

ಇದನ್ನು ಓದಿಕೊಂಡು 31:33ಕ್ಕೆ ಬನ್ನಿ: ನನ್ನ ಧರ್ಮೋಪದೇಶವನ್ನು ಅವರ ಅಂತರಂಗದಲ್ಲಿ ಇಡುವೆನು, ಹೃದಯದೊಳಗೆ ಬರೆಯುವೆನು. ಪಾಪ ಕೆತ್ತಿದ್ದ ಜಾಗದಲ್ಲೇ ದೇವರು ಬರೆಯುತ್ತಾನೆ. ಆಜ್ಞೆ ಬದಲಾಗುವುದಿಲ್ಲ, ‘ನನ್ನ ಧರ್ಮೋಪದೇಶ’ ಎಂದೇ ಇದೆ. ಬದಲಾಗುವುದು ಬರೆಯುವ ಜಾಗ. ಯೆಹೆಜ್ಕೇಲ 36 ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವೆನು, ನನ್ನ ಆತ್ಮವನ್ನು ನಿಮ್ಮೊಳಗೆ ಇಟ್ಟು ನನ್ನ ನಿಯಮಗಳಲ್ಲಿ ನಡೆಯುವಂತೆ ಮಾಡುವೆನು. ಆದ್ದರಿಂದ ಹಳೆಯದು ಕಠಿಣ, ಹೊಸದು ಸಡಿಲ ಎಂಬ ಲೆಕ್ಕ ನಿಲ್ಲುವುದಿಲ್ಲ. ಬೆಟ್ಟದ ಪ್ರಸಂಗದಲ್ಲಿ ಯೇಸು ‘ನರಹತ್ಯೆ ಮಾಡಬಾರದು’ ಎಂಬುದನ್ನು ಸಹೋದರನ ಮೇಲಿನ ಸಿಟ್ಟಿನವರೆಗೂ ಒಯ್ದದ್ದು ಸಡಿಲಿಕೆಯೇ? ಆಜ್ಞೆ ಒಳಗೆ ಇಳಿದಾಗ ಅದರ ಕೈ ಇನ್ನೂ ದೂರ ಚಾಚುತ್ತದೆ.

ಈಗ ಪಾಪಪರಿಹಾರದ ವಿಚಾರ. ಯಾಜಕಕಾಂಡ 4 ಮತ್ತು 5ರಲ್ಲಿ ದೋಷಪರಿಹಾರಕ ಯಜ್ಞದ ದರ್ಜೆಗಳಿವೆ. ಮಹಾಯಾಜಕ ತಪ್ಪಿದರೆ ಹೋರಿ, ಇಡೀ ಸಮೂಹ ತಪ್ಪಿದರೂ ಹೋರಿ, ಅಧಿಪತಿಗೆ ಹೋತ, ಸಾಮಾನ್ಯನಿಗೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ಅದೂ ಆಗದವನಿಗೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ. ಅದಕ್ಕೂ ಗತಿಯಿಲ್ಲದವನಿಗೆ ಏಫಾ ಎಂಬ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು, ಎಣ್ಣೆ ಧೂಪ ಇಲ್ಲದೆ. ಬಡವನನ್ನು ಬಾಗಿಲಾಚೆ ನಿಲ್ಲಿಸದ ಏರ್ಪಾಡು ಇದು, ಗೌರವದಿಂದಲೇ ಓದಬೇಕು. ಆದರೆ ಇದಕ್ಕೆ ಒಂದು ಗಡಿಯಿದೆ. 4ನೆಯ ಅಧ್ಯಾಯ ಮತ್ತೆ ಮತ್ತೆ ಹೇಳುವುದು ‘ತಿಳಿಯದೆ’ ಮಾಡಿದ ಪಾಪಗಳನ್ನು ಕುರಿತು. ಬೇಕೆಂದೇ ಕೈಯೆತ್ತಿ ಮಾಡಿದ ಪಾಪಕ್ಕೆ ಅರಣ್ಯಕಾಂಡ 15:30 ಯಜ್ಞ ಹೇಳುವುದಿಲ್ಲ, ಅಂಥವನನ್ನು ಜನರಿಂದ ತೆಗೆದುಹಾಕಬೇಕು ಅನ್ನುತ್ತದೆ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದ ದಾವೀದ 51ನೆಯ ಕೀರ್ತನೆಯಲ್ಲಿ ‘ಯಜ್ಞ ನಿನಗೆ ಇಷ್ಟವಿಲ್ಲ, ಇದ್ದರೆ ಅರ್ಪಿಸುತ್ತಿದ್ದೆ’ ಅನ್ನುವುದು ಬರೀ ಭಕ್ತಿಯ ಮಾತಲ್ಲ. ಅವನು ಮಾಡಿದ್ದಕ್ಕೆ ಹೊಂದುವ ಪ್ರಾಣಿ ಆ ಪಟ್ಟಿಯಲ್ಲಿಲ್ಲ. ಮೋಶೆಯ ಧರ್ಮಶಾಸ್ತ್ರದಿಂದ ಬಿಡುಗಡೆಯಾಗದ ವಿಷಯಗಳಿಂದಲೂ ಯೇಸುವಿನ ಮೂಲಕ ಬಿಡುಗಡೆಯುಂಟು ಎಂದು ಪಿಸಿದ್ಯದ ಅಂತಿಯೋಕ್ಯದಲ್ಲಿ ಪೌಲ ಸಾರಿದ್ದು ಈ ಗಡಿಯನ್ನು ಬಲ್ಲ ಯೆಹೂದ್ಯರಿಗೆ. ಕೇಳಿದವರಿಗೆ ಅದು ಎಷ್ಟು ದೊಡ್ಡ ಮಾತು ಎಂಬುದು ಗಡಿ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ.

ವರ್ಷಕ್ಕೊಮ್ಮೆ, ಏಳನೆಯ ತಿಂಗಳ 10ನೆಯ ದಿನ, ಮಹಾಯಾಜಕ ನಾರುಬಟ್ಟೆ ಉಟ್ಟು ಮಹಾಪರಿಶುದ್ಧ ಸ್ಥಳಕ್ಕೆ ಹೋಗುತ್ತಿದ್ದ. ಮೊದಲು ತನ್ನ ಪಾಪಕ್ಕೇ ಹೋರಿ. ಆಮೇಲೆ ಜನರಿಗಾಗಿ ಎರಡು ಹೋತ. ಚೀಟು ಹಾಕಿ ಒಂದನ್ನು ವಧಿಸಿ, ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪಗಳನ್ನು ಅರಿಕೆಮಾಡಿ ಅರಣ್ಯಕ್ಕೆ ಅಟ್ಟುವುದು. ಮರುವರ್ಷ ಮತ್ತೆ ಅದೇ. ಇಬ್ರಿಯರಿಗೆ 10:3 ಇದಕ್ಕೆ ಕೊಡುವ ಹೆಸರು ‘ಪಾಪಗಳ ಜ್ಞಾಪಕ’. ಪರಿಹಾರಕ್ಕೆಂದು ಮಾಡಿದ ಯಜ್ಞವೇ ಪ್ರತಿವರ್ಷ ಪಾಪವನ್ನು ನೆನಪಿಗೆ ತರುತ್ತಿತ್ತು. ಯೆರೆಮೀಯನ ಕೊನೆಯ ವಾಗ್ದಾನವೋ, ಅವರ ಪಾಪವನ್ನು ನನ್ನ ನೆನಪಿಗೆ ಇನ್ನು ತಂದುಕೊಳ್ಳುವುದಿಲ್ಲ ಎಂಬುದು.

ಈ ಯಜ್ಞಗಳು ನಡೆಯುತ್ತಿದ್ದ ದೇವದರ್ಶನ ಗುಡಾರದ ಸಾಮಾನುಗಳನ್ನು ಒಮ್ಮೆ ಎಣಿಸಿ ನೋಡಿ. ಹೋಮದ ವೇದಿ, ನೀರಿನ ಗಂಗಾಳ, ರೊಟ್ಟಿಯ ಮೇಜು, ದೀಪಸ್ತಂಭ, ಧೂಪವೇದಿ, ಆಜ್ಞೆಯ ಹಲಗೆಗಳನ್ನು ಇಟ್ಟ ಮಂಜೂಷ. ಯಾಜಕನಿಗೆ ಕೂರಲು ಒಂದು ಪೀಠವೂ ಇಲ್ಲ. ಕನ್ನಡದ ‘ಕೃಪಾಸನ’ ಎಂಬ ಪದ ದಾರಿ ತಪ್ಪಿಸಬಹುದು. ಅದು ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲದ, ಮಂಜೂಷದ ಚಿನ್ನದ ಮುಚ್ಚಳ, ಮನುಷ್ಯ ಕೂರುವ ಜಾಗವಲ್ಲ. ಪ್ರತಿಯೊಬ್ಬ ಯಾಜಕನೂ ದಿನದಿನವೂ ‘ನಿಂತುಕೊಂಡು’ ಅದೇ ಯಜ್ಞಗಳನ್ನು ಮಾಡುತ್ತಾನೆ, ಕ್ರಿಸ್ತನೋ ಒಂದೇ ಯಜ್ಞ ಅರ್ಪಿಸಿ ದೇವರ ಬಲಗಡೆ ‘ಕೂತುಕೊಂಡನು’ ಎಂದು ಇಬ್ರಿಯರಿಗೆ 10 ಬರೆದಿರುವುದು ಇದನ್ನು ಗಮನಿಸಿಯೇ. ಕೂತದ್ದು ಕೆಲಸ ಮುಗಿದದ್ದರ ಗುರುತು.

ಅದೇ ಪತ್ರಿಕೆ ಯೇಸುವನ್ನು ಮಧ್ಯಸ್ಥ ಅನ್ನುವುದಲ್ಲದೆ ‘ಹೊಣೆಗಾರ’ ಎಂದೂ ಕರೆಯುತ್ತದೆ. ಮಧ್ಯಸ್ಥ ಎರಡೂ ಕಡೆಯವರ ಮಾತು ತಲುಪಿಸುತ್ತಾನೆ. ಜಾಮೀನು ನಿಂತವನಾದರೆ ಸಾಲಗಾರ ತಪ್ಪಿದಾಗ ತಾನೇ ತೆರುತ್ತಾನೆ. ಮೋಶೆ ಮಧ್ಯಸ್ಥನಾಗಿದ್ದ. ಬಸವನ ಪ್ರಸಂಗವಾದ ಮೇಲೆ ಹೊಣೆ ಹೊರಲೂ ಮುಂದಾದ: ಇವರ ಪಾಪ ಕ್ಷಮಿಸು, ಇಲ್ಲದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರು ಅಳಿಸು. ಪಾಪ ಮಾಡಿದವನ ಹೆಸರನ್ನೇ ಅಳಿಸುತ್ತೇನೆ ಎಂಬ ಉತ್ತರ ಬಂತು. ಅವನ ಜಾಮೀನು ನಡೆಯಲಿಲ್ಲ. ಹೀಬ್ರೂ ಭಾಷೆಯಲ್ಲಿ ಒಡಂಬಡಿಕೆಯನ್ನು ‘ಕಡಿಯುತ್ತಾರೆ’. ಪ್ರಾಣಿಯನ್ನು ಕಡಿದು ಹೋಳುಗಳ ನಡುವೆ ಹಾದುಹೋಗುವುದು ಅದರ ಹಿಂದಿನ ವಾಡಿಕೆ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂಬ ಅರ್ಥ. ಆದಿಕಾಂಡ 15ರಲ್ಲಿ ಮುಂದೆ ಅಬ್ರಹಾಮ ಎನಿಸಿಕೊಂಡ ಅಬ್ರಾಮ ಗಾಢನಿದ್ರೆಯಲ್ಲಿದ್ದಾನೆ, ಹೋಳುಗಳ ನಡುವೆ ಹಾದುಹೋದದ್ದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಮಾತ್ರ. ದೇವರು ಒಬ್ಬನೇ ಹಾದ. ಹೊಸ ಒಡಂಬಡಿಕೆಯ ಬೇರು ಸೀನಾಯಿಯಲ್ಲಲ್ಲ, ಆ ರಾತ್ರಿಯಲ್ಲಿದೆ ಎಂದು ನಂಬುವುದಕ್ಕೆ ಇದೇ ಕಾರಣ.

ಇನ್ನು ಓದುವಾಗ ಎಡವುವ ಕಡೆಗಳು. ಯಾಜಕಕಾಂಡ 19:18 ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುತ್ತದೆ. ಅದರ ಪಕ್ಕದ 19ನೆಯ ವಚನ ಎರಡು ಬಗೆಯ ನೂಲು ಸೇರಿಸಿದ ಬಟ್ಟೆ ಹಾಕಬೇಡ ಅನ್ನುತ್ತದೆ. ಮೊದಲನೆಯದನ್ನು ಎಲ್ಲ ಸಭೆಗಳೂ (ಚರ್ಚುಗಳೂ) ಪಾಲಿಸಲು ಹೇಳುತ್ತವೆ, ಎರಡನೆಯದನ್ನು ಕ್ರೈಸ್ತರು ಕೇಳುವುದೇ ಇಲ್ಲ. ಇದು ಮನಸ್ಸಿಗೆ ಬಂದದ್ದನ್ನು ಆರಿಸಿಕೊಂಡದ್ದಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಕ್ರಿಸ್ತನೂ ಅಪೊಸ್ತಲರೂ ಈ ಆಜ್ಞೆಯನ್ನು ಏನು ಮಾಡಿದರು? ನೆರೆಯವನ ಪ್ರೀತಿಯನ್ನು ಯೇಸು, ಪೌಲ, ಯಾಕೋಬ ಮೂವರೂ ಮತ್ತೆ ವಿಧಿಸಿದರು. ಆಹಾರದ ನಿಯಮಗಳನ್ನು ಮಾರ್ಕ 7 ಮತ್ತು ಅಪೊಸ್ತಲರ ಕೃತ್ಯಗಳು 10 ತೆಗೆದವು. ಯಜ್ಞಗಳು ಕ್ರಿಸ್ತನಲ್ಲಿ ನೆರವೇರಿದವು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಸೇರಿದ ಸಭೆ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಬೇಕಿಲ್ಲ ಎಂದು ತೀರ್ಮಾನಿಸಿತು. ಕೆಲವು ನಿಯಮಗಳ ತಿರುಳು ಉಳಿಯಿತು: ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬೇಡ ಎಂಬುದರಿಂದಲೇ ಸುವಾರ್ತೆ ಸಾರುವವನ ಜೀವನಾಧಾರದ ಹಕ್ಕನ್ನು ಪೌಲ ತೋರಿಸುತ್ತಾನೆ.

ಹೆಚ್ಚು ನೋವು ತರುವ ತಪ್ಪು ಬೇರೆಯದು. ಧರ್ಮೋಪದೇಶಕಾಂಡ 28ರ ಶಾಪಗಳನ್ನು ಇಂದಿನ ವಿಶ್ವಾಸಿಯ ಕಾಯಿಲೆಗೋ ಬಡತನಕ್ಕೋ ಅಂಟಿಸುವುದು, ಮಲಾಕಿಯ 3 ತೋರಿಸಿ ದಶಮಾಂಶ ಕೊಡದವನು ಶಾಪಗ್ರಸ್ತ ಎಂದು ಹೆದರಿಸುವುದು. ಅವು ಸೀನಾಯಿಯ ಒಪ್ಪಂದದ ಷರತ್ತುಗಳು, ಇಸ್ರಾಯೇಲ್ ಜನಾಂಗಕ್ಕೆ ಅದರ ನಾಡಿನ ಸಂಬಂಧವಾಗಿ ಹೇಳಿದವು. ಕ್ರಿಸ್ತನು ನಮಗೋಸ್ಕರ ಶಾಪವಾಗಿ ಧರ್ಮಶಾಸ್ತ್ರದ ಶಾಪದಿಂದ ಬಿಡಿಸಿದನು ಎಂದು ಗಲಾತ್ಯ 3:13 ಇರುವಾಗ ರೋಗಿಯ ಹಾಸಿಗೆಯ ಪಕ್ಕ ನಿಂತು ಶಾಪದ ಪಟ್ಟಿ ಓದುವುದು ಕ್ರೌರ್ಯ. ಕೊಡಬೇಡಿ ಎಂದಲ್ಲ, 2 ಕೊರಿಂಥ 9:7 ಕೊಡುವ ಬಗೆಯನ್ನು ಹೇಳುತ್ತದೆ, ಬಲವಂತದಿಂದಲ್ಲ, ಸಂತೋಷದಿಂದ.

ಇದರ ಎದುರು ತುದಿಯ ತಪ್ಪು ಹಳೆಯ ಪುಸ್ತಕಗಳನ್ನೇ ಬಿಟ್ಟುಬಿಡುವುದು. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಬೋಧಕ ಹಾಗೆ ಮಾಡಿದ, 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಯೆಹೂದ್ಯರನ್ನು ದೇವರು ತಳ್ಳಿಬಿಟ್ಟ ಅನ್ನುವುದಕ್ಕೂ ಇಲ್ಲಿ ಆಧಾರವಿಲ್ಲ. ಯೆರೆಮೀಯನ ವಾಗ್ದಾನ ಇಸ್ರಾಯೇಲ್ ವಂಶಕ್ಕೂ ಯೆಹೂದ ವಂಶಕ್ಕೂ ಕೊಟ್ಟದ್ದು. ಅನ್ಯಜನರು ಆ ಎಣ್ಣೆಮರಕ್ಕೆ ಕಸಿ ಮಾಡಿದ ಕೊಂಬೆಗಳು, ಹೆಚ್ಚಳಪಡಬೇಡಿ ಎಂದು ರೋಮಾಪುರದವರಿಗೆ 11 ಎಚ್ಚರಿಸುತ್ತದೆ.

ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೇ ಎಂಬ ಜಗಳ ಕೂಡ ಬಹುಮಟ್ಟಿಗೆ ಇದೇ ವಿಷಯದ್ದು. ಒಂದೇ ಕೃಪೆಯ ಒಡಂಬಡಿಕೆ ಮುಂದುವರಿಯುತ್ತಿದೆ ಎನ್ನುವ ರಿಫಾರ್ಮ್ಡ್ ಸಭೆಗಳು ಸುನ್ನತಿಯ ಜಾಗದಲ್ಲಿ ದೀಕ್ಷಾಸ್ನಾನವನ್ನು ಕಾಣುತ್ತವೆ. ‘ಎಲ್ಲರೂ ನನ್ನನ್ನು ಅರಿತಿರುವರು’ ಎಂಬ ಯೆರೆಮೀಯನ ಮಾತನ್ನು ಹಿಡಿದ ಬ್ಯಾಪ್ಟಿಸ್ಟರು ಅರಿತು ನಂಬಿದವರಿಗೇ ಕೊಡುತ್ತಾರೆ.

ಕೊನೆಗೆ ಪಾತ್ರೆ. ವಿಮೋಚನಕಾಂಡ 24ರಲ್ಲಿ ರಕ್ತ ಚಿಮುಕಿಸಿದ ಮೇಲೆ ಮೋಶೆ, ಆರೋನ, ಅವನ ಇಬ್ಬರು ಮಕ್ಕಳು ಮತ್ತು 70 ಮಂದಿ ಹಿರಿಯರು ಬೆಟ್ಟ ಹತ್ತಿ ದೇವರ ಸನ್ನಿಧಿಯಲ್ಲಿ ತಿಂದು ಕುಡಿದರು. ಯೆಹೂದ್ಯರ ಪಸ್ಕ ಹಬ್ಬದ ರಾತ್ರಿ ಯೇಸು ದ್ರಾಕ್ಷಾರಸದ ಪಾತ್ರೆ ಹಿಡಿದು ಅದೇ ಅಧ್ಯಾಯದ ‘ಒಡಂಬಡಿಕೆಯ ರಕ್ತ’ ಎಂಬ ಮಾತನ್ನು ಆಡಿದ. ಲೂಕನೂ ಪೌಲನೂ ಅದನ್ನು ‘ಹೊಸ ಒಡಂಬಡಿಕೆ’ ಎಂದೇ ಬರೆದರು. ಊಟದ ಮೇಜಿನ ಸುತ್ತ ಕೂತಿದ್ದವರೆಲ್ಲ ಯೆಹೂದ್ಯರು. ರಕ್ತ ಕುಡಿಯಬಾರದು ಎಂಬುದು ಯಾಜಕಕಾಂಡ 17ರಿಂದ ಅವರ ಮೈಗೂಡಿದ ನಿಯಮ. ಸೀನಾಯಿಯಲ್ಲಿ ರಕ್ತ ವೇದಿಗೆ ಬಿತ್ತು, ಬಟ್ಟೆಗೆ ಬಿತ್ತು, ಮೈಮೇಲೆ ಬಿತ್ತು. ಒಳಗೆ ಹೋದದ್ದೇ ಇಲ್ಲ. ಈ ಪಾತ್ರೆಯಲ್ಲಿರುವುದು ಸಾಕ್ಷಾತ್ ರಕ್ತವೇ, ಗುರುತೇ ಎಂಬುದರಲ್ಲಿ ಸಭೆಗಳು ಬೇರೆ ಬೇರೆ ನಂಬುತ್ತವೆ. ಆದರೆ ಆ ರಾತ್ರಿ ಯೇಸು ಅದನ್ನು ಶಿಷ್ಯರ ಮೇಲೆ ಚಿಮುಕಿಸಲಿಲ್ಲ. ಇದರಲ್ಲಿರುವುದನ್ನು ಎಲ್ಲರೂ ಕುಡಿಯಿರಿ ಎಂದ.