4ರಲ್ಲೇ ಇರಲೋ, 5ಕ್ಕೆ ಹೋಗಲೋ
ಇಲ್ಲಿ ಅಮೆರಿಕದಲ್ಲಿ ಹುಡುಗರ ಜಿಮ್ನಾಸ್ಟಿಕ್ಸ್‌ಗೆ 10ರವರೆಗೆ ಲೆವೆಲ್‌ಗಳಿವೆ. ನಮ್ಮ ಮಗ 4ರಲ್ಲಿದ್ದಾನೆ. ಮುಂದಿನ ಸೀಸನ್‌ಗೆ 5ಕ್ಕೆ ಹಾಕೋಣವಾ ಅಂತ ಕೋಚ್ ಕೇಳಿ ಎರಡು ವಾರ ಆಯ್ತು, ನಾನಿನ್ನೂ ಉತ್ತರ ಕೊಟ್ಟಿಲ್ಲ.

ಹುಡುಗಿಯರಿಗೆ 4 ಉಪಕರಣ, ಇವರಿಗೆ 6. ಅಲ್ಲೇ ಇರುವುದು ಪೇಚು. ಫ್ಲೋರ್, ರಿಂಗ್ಸ್, ವಾಲ್ಟ್ ಎಲ್ಲಾ ಇವನಿಗೆ ನೀರು ಕುಡಿದಷ್ಟು ಸಲೀಸು, ಆದರೆ ಮಶ್ರೂಮ್ ಮೇಲೆ (ಅಣಬೆ ಥರದ ಗುಂಡನೆಯ ದಿಮ್ಮಿ, ಎರಡು ಹಿಡಿಗಳಿರುವ ಉದ್ದನೆಯ ಪೊಮೆಲ್ ಹಾರ್ಸ್ ಹತ್ತುವ ಮೊದಲು ಮಕ್ಕಳು ಇದರ ಮೇಲೆ ಕಾಲು ಸುತ್ತಿಸುವುದು ಕಲಿಯುತ್ತಾರೆ) ಎರಡು ಸುತ್ತು ಚೆನ್ನಾಗಿ ಬಂದು ಮೂರನೆಯದಕ್ಕೆ ಸೊಂಟ ಕುಸಿದು ಧೊಪ್ಪನೆ ಬೀಳುತ್ತಾನೆ. ನಿನ್ನೆ 11 ಸಲ. ಎಣಿಸಬಾರದಿತ್ತು, ಎಣಿಸಿಬಿಟ್ಟೆ.

ಇನ್ನೊಂದು ವರ್ಷ 4ರಲ್ಲೇ ಇದ್ದರೆ ಮೆಡಲ್ ಜಾಸ್ತಿ ಬರುತ್ತವೆ. ಆ ಆಸೆ ಅವನದಲ್ಲ, ನನ್ನದು. ಅದೇ ರೂಟೀನ್ ಮತ್ತೆ ಮಾಡಿಸಿದರೆ ಬೇಜಾರಾಗಿ ಬಿಟ್ಟೇಬಿಡುತ್ತಾನೆ ಅನ್ನುವುದು ನನ್ನ ಗಂಡನ ವಾದ. ಊರಿಂದ ಅಮ್ಮ ಫೋನಲ್ಲಿ, "ಪಾಸಾದ ಮೇಲೂ ಅದೇ ಕ್ಲಾಸಲ್ಲಿ ಯಾಕೆ ಕೂರಿಸ್ತೀಯೇ?" ಅಂದರು.

ರಾತ್ರಿ ಅವನ ಸುಲಿದ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, ನಿನಗೇನು ಬೇಕೋ ಪುಟ್ಟ ಅಂತ ಕೇಳಿದೆ. "ಅಮ್ಮ, ಹಾರ್ಸ್ ಹತ್ತೋಕೆ ಯಾವಾಗ ಬಿಡ್ತಾರೆ?" ಅಂದವನು ಉತ್ತರ ಕೇಳುವ ಮೊದಲೇ ನಿದ್ದೆ ಹೋದ.